ಅಂಗೈ ನಿಂತರೆ ಸಾಕು

"ಚಟುವಟಿಕೆ ಕಂಡುಬಂದಿಲ್ಲ. ದಯವಿಟ್ಟು ಪ್ರಯತ್ನಿಸಿ."

ಆ ಮೂರು ತಿಂಗಳಲ್ಲಿ ಈ ಎರಡು ವಾಕ್ಯಗಳನ್ನು ಕೇಳಿದಷ್ಟು ಸಲ ನಾನು ನನ್ನ ಮಗಳ ದನಿಯನ್ನೂ ಕೇಳಿರಲಿಕ್ಕಿಲ್ಲ. ಹೇಳುತ್ತಿದ್ದವಳು ನಮ್ಮ ಕೇಂದ್ರಕ್ಕೆ ಪರೀಕ್ಷೆಗೆಂದು ಬಂದಿದ್ದ ರೋಬಾಟಿನೊಳಗಿನ ಹೆಂಗಸು. ಇಂಪಾದ ದನಿ, ತಪ್ಪಿಲ್ಲದ ಕನ್ನಡ. ಆದರೆ ಎದುರಿಗೆ ಕೂತ ಮನುಷ್ಯನ ಹಣೆಯಿಂದ ಬೆವರು ಇಳಿಯುತ್ತಿದ್ದರೂ ಅವಳಿಗೆ ಕಾಣುತ್ತಿರಲಿಲ್ಲ. ಲಕ್ವ ಹೊಡೆದು ಕೈ ಬಿದ್ದವರಿಗೆ "ಪ್ರಯತ್ನಿಸಿ" ಎಂದು ಉಪದೇಶ ಮಾಡುವ ಈ ಮಹಾತಾಯಿಯ ಬಾಯಿ ಮುಚ್ಚಿಸುವ ಗುಂಡಿ ಎಲ್ಲಿದೆ ಎಂದು ಮೊದಲ ವಾರವೇ ಹುಡುಕಿದೆ. ಅಂಥ ಗುಂಡಿಯೇ ಇರಲಿಲ್ಲ.

ನಾನು ಫಿಸಿಯೋಥೆರಪಿಸ್ಟ್. ಕೆಲಸ ಮೈಸೂರಿನ ಒಂದು ಖಾಸಗಿ ಕೇಂದ್ರದಲ್ಲಿ, ಬಿದ್ದ ಕೈಕಾಲುಗಳನ್ನು ಮತ್ತೆ ಎಬ್ಬಿಸುವುದು. ರೋಬಾಟಿನ ಮೇಲೆ ನನಗೆ ಹಗೆಯೇನೂ ಇರಲಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಭಾರವಾದ ತೋಳೊಂದನ್ನು ನಲವತ್ತು ಸಲ ಎತ್ತಿ ಇಳಿಸುವಷ್ಟರಲ್ಲಿ ನನ್ನ ಸೊಂಟ ಕೂಗುತ್ತದೆ, ಅದು ನಾನೂರು ಸಲ ಎತ್ತಿದರೂ ಉಸ್ಸಪ್ಪ ಅನ್ನುವುದಿಲ್ಲ. ಒಂದು ಕುರ್ಚಿ, ಪಕ್ಕದಲ್ಲಿ ಮೋಟಾರುಗಳಿರುವ ಲೋಹದ ತೋಳು, ಎದುರಿಗೆ ಪರದೆ. ರೋಗಿಯ ಕೈಯನ್ನು ಆ ತೋಳಿನ ಮೇಲಿಟ್ಟು ಮೂರು ಕಡೆ ಪಟ್ಟಿ ಬಿಗಿದು, ತುದಿಯಲ್ಲಿರುವ ಹಿಡಿಯನ್ನು ಅಂಗೈಗೆ ಕೊಡಬೇಕು. ರೋಗಿ ತನ್ನಿಂದಾದಷ್ಟು ಎತ್ತುತ್ತಾನೆ, ಮಿಕ್ಕ ಭಾರವನ್ನು ಮೋಟಾರು ಹೊರುತ್ತದೆ. ಪರದೆಯ ಮೇಲೆ ಸೇಬಿನ ಮರ. ಕೈ ಚಾಚಿ, ಹಿಡಿ ಅದುಮಿ, ಹಣ್ಣು ಕಿತ್ತು ಬುಟ್ಟಿಗೆ ಹಾಕಿದರೆ ಅಂಕ. ಮೈಸೂರಿನಲ್ಲಿ ಯಾರು ಸೇಬಿನ ಮರ ಕಂಡಿದ್ದಾರೋ ದೇವರಿಗೇ ಗೊತ್ತು.

ಮೂರು ತಿಂಗಳು ಇಟ್ಟುಕೊಂಡು ನೋಡಿ ಎಂದು ಕಂಪನಿಯವರು ಬಿಟ್ಟುಹೋಗಿದ್ದರು. ವಾರಕ್ಕೊಮ್ಮೆ ಪ್ರತಿ ರೋಗಿಯ ಅಂಕಗಳನ್ನು ಗೆರೆಯಾಗಿ ಎಳೆದು ಮಿಷಿನ್ನು ತಾನೇ ವರದಿ ಕೊಡುತ್ತಿತ್ತು. ಗೆರೆ ಮೇಲೇರಿದರೆ ನಮ್ಮ ಮ್ಯಾನೇಜರ್‌ಗೆ ಖುಷಿ, ಇಳಿದರೆ ನನ್ನ ಕೋಣೆಯ ಬಾಗಿಲು ತಟ್ಟುತ್ತಿದ್ದರು.

ಎರಡನೇ ವಾರ ಬಂದವರು ಬೋಗಾದಿಯ ಕಡೆಯ ಬಡಾವಣೆಯ ಒಬ್ಬ ಯಜಮಾನರು. ಅರವತ್ತು ದಾಟಿದೆ. ಕಡಕೊಳದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಲೇತ್ ವಿಭಾಗದ ಫೋರ್‌ಮನ್ ಆಗಿದ್ದವರು. ನಾಲ್ಕು ತಿಂಗಳ ಹಿಂದೆ ಲಕ್ವ ಹೊಡೆದು ಎಡಗೈ ಬಿದ್ದಿತ್ತು. ಎಡಗಾಲು ಮುಕ್ಕಾಲು ಪಾಲು ವಾಪಸು ಬಂದಿತ್ತು, ಮಾತು ಸ್ಪಷ್ಟವಾಗಿತ್ತು. ಹಣೆಯಲ್ಲಿ ಮೂರು ಪಟ್ಟೆ ವಿಭೂತಿ, ಕತ್ತಿನಲ್ಲಿ ಶಿವದಾರಕ್ಕೆ ಕಟ್ಟಿದ ಬೆಳ್ಳಿಯ ಕರಡಿಗೆ. ಜೊತೆಗೆ ಅವರ ಹೆಂಡತಿ.

ಹೊಸ ರೋಗಿ ಬಂದರೆ ನಾನು ತುಂಬಬೇಕಾದ ಫಾರಂ ನಾಲ್ಕು ಪುಟ. ಮೂರನೇ ಪುಟದ ಕೊನೆಯಲ್ಲಿ ಅನುಕೂಲವಾದ ವೇಳೆ, ನಾಲ್ಕನೆಯದರ ಮೊದಲಲ್ಲಿ ರೋಗಿಯ ಗುರಿ. "ಒಂಬತ್ತು ಗಂಟೆಗೆ ಬರ್ತೀರಾ ಸರ್?" ಎಂದು ಕೇಳುತ್ತಾ ಪುಟ ತಿರುಗಿಸಿ, ಅದೇ ಉಸಿರಿನಲ್ಲಿ "ಏನಾಗ್ಬೇಕು ನಿಮ್ಗೆ, ಹೇಳಿ" ಎಂದೆ.

"ಪೂಜೆ ಆಗ್ಬೇಕು ಮೇಡಮ್" ಅಂದರು.

ನನ್ನ ಅಪ್ಪನೂ ಅಷ್ಟೆ, ಪೂಜೆ ಆಗದೆ ಹೊಸಿಲು ದಾಟುವವರಲ್ಲ. ಸರಿ ಎಂದು ಪುಟ ಹಿಂದಕ್ಕೆ ತಿರುಗಿಸಿ ವೇಳೆಯ ಎದುರಿಗೆ "ಪೂಜೆ ಆಗಬೇಕು, ಹತ್ತೂವರೆ" ಎಂದು ಬರೆದೆ. ಗುರಿಯ ಎದುರಿಗೆ, ನೂರಕ್ಕೆ ತೊಂಬತ್ತು ಮಂದಿ ಹೇಳುವುದನ್ನೇ ನನ್ನ ತಲೆಯಿಂದ ತೆಗೆದು ಬರೆದುಕೊಂಡೆ: ಕೈಯ ಹಿಡಿತ ಸುಧಾರಿಸಬೇಕು. ಆ ಎರಡು ಸಾಲುಗಳು ನನ್ನ ಒಂದು ತಿಂಗಳನ್ನು ತಿಂದುಹಾಕಿದವು.

ಫೋರ್‌ಮನ್‌ರಿಗೆ ಮಿಷಿನ್ನಿನ ಭಯ ಒಂದಿಷ್ಟೂ ಇರಲಿಲ್ಲ. ಮೊದಲ ದಿನವೇ ತಲೆ ಬಗ್ಗಿಸಿ ಅದರ ಕೀಲುಗಳನ್ನೆಲ್ಲ ನೋಡಿ, "ಬೇರಿಂಗ್ ಒಳ್ಳೇದು ಹಾಕವ್ರೆ" ಎಂದು ಪ್ರಮಾಣಪತ್ರ ಕೊಟ್ಟರು. ಕುರ್ಚಿಯ ಎದೆಪಟ್ಟಿ ಬಿಗಿಯುವಾಗ ಮಾತ್ರ ಬಲಗೈಯಿಂದ ಕರಡಿಗೆಯನ್ನು ಪಕ್ಕಕ್ಕೆ ಸರಿಸಿ ಹಿಡಿದುಕೊಳ್ಳುತ್ತಿದ್ದರು. ಆಮೇಲೆ ಆಟ ಶುರುವಾಗುತ್ತಿತ್ತು, ನನ್ನ ತಲೆಬೇನೆಯೂ.

ಕೈ ಚಾಚುವವರೆಗೆ ಎಲ್ಲ ಸರಿ. ಸೇಬಿನ ಹತ್ತಿರ ಹೋದಮೇಲೆ ಹಿಡಿ ಅದುಮಬೇಕು, ಅಲ್ಲಿ ಅವರು ಸುಮ್ಮನಾಗುತ್ತಿದ್ದರು. "ಅದುಮಿ ಸರ್, ಅದುಮಿ" ಎಂದು ನಾನು ಕೂಗುತ್ತಿದ್ದೆ. ಅವರ ಬೆರಳಿಗೆ ಅದುಮುವ ಬಲವಿತ್ತು, ನಾನೇ ಪರೀಕ್ಷಿಸಿದ್ದೆ. ಆದರೂ ಹಿಡಿಯ ಮೇಲೆ ಬೆರಳನ್ನು ಬಿಡಿಸಿ ಅಂಗೈ ಚಪ್ಪಟೆ ಮಾಡಲು ಒದ್ದಾಡುತ್ತಾ ಕೂರುತ್ತಿದ್ದರು. ಸೇಬು ಮರದಲ್ಲೇ ಉಳಿಯುತ್ತಿತ್ತು. ಮಿಷಿನ್ನಿನ ಹೆಂಗಸು "ಚಟುವಟಿಕೆ ಕಂಡುಬಂದಿಲ್ಲ" ಅನ್ನುತ್ತಿದ್ದಳು.

"ಯಾಕೆ ಸರ್ ಹಿಡೀತಾ ಇಲ್ಲ?"

"ಈ ಕೈ ಹಿಡಿಯೋಕಲ್ಲ ಮೇಡಮ್ ನಂಗೆ ಬೇಕಾಗಿರೋದು."

ಇದನ್ನು ನಾನು ಹಟ ಎಂದುಕೊಂಡೆ. ವಯಸ್ಸಾದ ಗಂಡಸರ ಹಟ ನನಗೆ ಹೊಸದಲ್ಲ. ಒಂದು ಕಿವಿಯಲ್ಲಿ ಕೇಳಿ ಇನ್ನೊಂದು ಕಿವಿಯಲ್ಲಿ ಬಿಟ್ಟೆ. ಮಾತಿನ ಅರ್ಥ ಕೇಳಬೇಕಾದವಳು ಪಟ್ಟಿ ಇನ್ನಷ್ಟು ಬಿಗಿದೆ, ಸೇಬಿನ ಸಂಖ್ಯೆ ಕಡಿಮೆ ಮಾಡಿದೆ, ಮೋಟಾರಿನ ಸಹಾಯ ಹೆಚ್ಚಿಸಿದೆ. ಗೆರೆ ಮೇಲೇಳಲಿಲ್ಲ. ಅದೇ ಹೊತ್ತಿಗೆ ರಾಜೀವನಗರದಿಂದ ಬರುತ್ತಿದ್ದ ಇನ್ನೊಬ್ಬ ರೋಗಿ ಬುಟ್ಟಿಗಟ್ಟಲೆ ಸೇಬು ಕೀಳುತ್ತಿದ್ದರು. ಮ್ಯಾನೇಜರ್ ನನ್ನ ಕೋಣೆಗೆ ಬಂದು, "ಆ ಫೋರ್‌ಮನ್‌ಗೆ ಮಾಮೂಲಿ ವ್ಯಾಯಾಮ ಸಾಕು ಕಣ್ರೀ. ಮಿಷಿನ್ ಟೈಮ್ ಉಪಯೋಗ ಆಗೋರಿಗೆ ಕೊಡಿ" ಅಂದರು. ಇನ್ನೊಂದು ವಾರ ನೋಡೋಣ ಎಂದೆ. ಕರುಣೆಯಿಂದ ಹೇಳಿದ್ದಲ್ಲ. ನನ್ನ ಕೈಲಿ ಆಗಲಿಲ್ಲ ಎಂದು ಒಪ್ಪಿಕೊಳ್ಳುವುದಕ್ಕೆ ನನಗೂ ಅಷ್ಟೇ ಹಟ.

ಆ ವಾರದ ಬುಧವಾರ, ಪಟ್ಟಿ ಬಿಗಿದು ಹತ್ತು ನಿಮಿಷವಾಗಿರಬೇಕು, ಅವರ ಮುಖ ಬಿಳಿಚಿಕೊಂಡಿತು. ಬಲಗೈಯೂ ನಡುಗತೊಡಗಿತು. ಕೆಂಪು ಗುಂಡಿ ಒತ್ತಿ ಮಿಷಿನ್ ನಿಲ್ಲಿಸಿ, ಪಟ್ಟಿ ಕಿತ್ತು, ಬೆರಳು ಚುಚ್ಚಿ ನೋಡಿದರೆ ಸಕ್ಕರೆ ಪಾತಾಳಕ್ಕೆ ಇಳಿದಿತ್ತು. ಗ್ಲೂಕೋಸ್ ಕುಡಿಸಿ ಡಾಕ್ಟರನ್ನು ಕರೆಸಿದೆವು. ಅವರು ಸುಧಾರಿಸಿಕೊಂಡ ಮೇಲೆ ನಾನು ಹೆಂಡತಿಯ ಕಡೆ ತಿರುಗಿದೆ.

"ಅಮ್ಮಾ, ಬೆಳಿಗ್ಗೆ ಏನು ತಿಂದಿದ್ರು?"

ಆಕೆ ಸೆರಗಿನ ತುದಿ ತಿರುಚುತ್ತಾ ನಿಂತರು. "ಏನೂ ಇಲ್ಲ ಕಣಮ್ಮ. ಮದ್ಯಾನದ ಊಟವೇ ಅವರ್ಗೆ."

"ಸಕ್ಕರೆ ಕಾಯಿಲೆ ಮಾತ್ರೆ ನುಂಗಿ ಖಾಲಿ ಹೊಟ್ಟೇಲಿ ಬರ್ತಾರಾ? ಒಂದು ತಿಂಗಳಿಂದ?"

"ಹೇಳಿ ಹೇಳಿ ಸಾಕಾಯ್ತು. ಕೇಳಿದ್ರೆ ತಾನೆ?"

ನಾನು ಕೂಗಾಡಿಬಿಟ್ಟೆ. ಪಕ್ಕದ ಕೋಣೆಯವರು ಇಣುಕಿ ನೋಡಿದರು. ಇವರಿಗಾಗಿ ವೇಳೆ ಬದಲಾಯಿಸಿಕೊಟ್ಟಿದ್ದೇನೆ, ಪೂಜೆ ಮುಗಿಸಿ ತಿಂಡಿ ತಿಂದು ನಿಧಾನಕ್ಕೆ ಬರಲಿ ಎಂದು ಹತ್ತೂವರೆ ಕೊಟ್ಟಿದ್ದೇನೆ, ಇವರು ಹೀಗೆ ಮಾಡಿದರೆ ನಾನೇಕೆ ಇಲ್ಲಿ ಗಂಟಲು ಹರಿದುಕೊಳ್ಳಬೇಕು ಎಂದೆಲ್ಲ ಅಂದೆ. ಫೋರ್‌ಮನ್ ನನ್ನ ಮುಖವನ್ನೇ ನೋಡಿದರು. ನಾಳೆಯಿಂದ ತಿಂಡಿ ತಿಂದ ಮೇಲೇ ಮಾತ್ರೆ, ತಿನ್ನದಿದ್ದರೆ ಮಿಷಿನ್ ಇಲ್ಲ ಎಂದು ಡಾಕ್ಟರ್ ಕಟ್ಟುನಿಟ್ಟಾಗಿ ಹೇಳಿ ಕಳಿಸಿದರು.

ಮರುದಿನದಿಂದ ಆಯುಧಪೂಜೆಯ ರಜೆ. ಹಬ್ಬ ಮುಗಿಸಿಕೊಂಡು ಬಂದರೆ ಮಿಷಿನ್ನು ಕೆಲಸ ಮಾಡುತ್ತಿಲ್ಲ. ಕಸ ಗುಡಿಸುವ ನಮ್ಮ ಅಕ್ಕ ಅದಕ್ಕೆ ಭಕ್ತಿಯಿಂದ ಪೂಜೆ ಮಾಡಿ, ಚೆಂಡುಹೂವಿನ ಹಾರ ಹಾಕಿ, ನಿಂಬೆಹಣ್ಣು ಇಟ್ಟು, ಸಿಕ್ಕ ಸಿಕ್ಕ ಕಡೆಗೆಲ್ಲ ಅರಿಶಿನ ಕುಂಕುಮ ಬಳಿದಿದ್ದಳು. ಮೊಣಕೈ ಎಲ್ಲಿದೆ ಎಂದು ಮಿಷಿನ್ನು ನೋಡಿಕೊಳ್ಳುವ ಪುಟ್ಟ ಗಾಜಿನ ಕಣ್ಣಿನ ಮೇಲೆ, ಅದು ಹಣೆಯೆಂದು ತಿಳಿದಳೋ ಏನೋ, ದೊಡ್ಡದೊಂದು ಕುಂಕುಮದ ಬೊಟ್ಟು. ಬೆಂಗಳೂರಿನಲ್ಲಿದ್ದ ಕಂಪನಿಯ ಇಂಜಿನಿಯರಿಗೆ ಫೋಟೋ ಕಳಿಸಿದೆ. "ಮೇಡಮ್, ಇದ್ಯಾವ್ ಪೌಡರ್ ಇದು?" ಎಂದು ಕೇಳಿದ. ಏನೆಂದು ಹೇಳಲಿ! ಹತ್ತಿಯ ಕಡ್ಡಿಗೆ ಸ್ಪಿರಿಟ್ ಹಚ್ಚಿ ಒರೆಸುತ್ತಾ ಕೂತೆ. ಅಷ್ಟರಲ್ಲಿ ಫೋರ್‌ಮನ್ ಬಂದರು. ತಿಂಡಿ ತಿಂದಿದ್ದೀರಾ ಎಂದರೆ, ಡಾಕ್ಟರಿಗೆ ಹೆದರಿ ಒಂದು ಲೋಟ ರಾಗಿ ಅಂಬಲಿ ಕುಡಿದಿದ್ದೇನೆ ಎಂದು ತಪ್ಪು ಮಾಡಿದವರ ಹಾಗೆ ಹೇಳಿದರು.

ಕುರ್ಚಿಯಲ್ಲಿ ಕೂತು ಹಾರವನ್ನು, ನಿಂಬೆಹಣ್ಣನ್ನು, ನನ್ನ ಕೈಯ ಹತ್ತಿಯನ್ನು ನೋಡಿದರು. ಆಮೇಲೆ ನಗುತ್ತಲೇ ಅಂದರು: "ಮಿಷಿನ್ನಿಗೂ ಪೂಜೆ ಆಗೋಯ್ತು. ನಂಗೊಬ್ನಿಗೇ ಆಗ್ನಿಲ್ಲ."

ನನ್ನ ಕೈ ನಿಂತಿತು. "ನಿಮ್ಮ ಪೂಜೆ ಆಗ್ಲಿಲ್ವಾ? ದಿನಾ ಮುಗಿಸಿಕೊಂಡೇ ಬರ್ತೀರಲ್ಲ?"

"ಎಲ್ಲಿ ಮುಗಿಸ್ಲಿ? ಐದ್ ತಿಂಗ್ಳಾಯ್ತು. ಮೊದಲ್ನೇ ದಿನವೇ ಹೇಳಿದ್ನಲ್ಲ ಮೇಡಮ್, ಪೂಜೆ ಆಗ್ಬೇಕು ಅಂತ."

ಆಗ ಅವರು ಬಲಗೈಯಿಂದ ಎಡಗೈಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು, ಮುಷ್ಟಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಅಂಗೈ ಮೇಲೆ ಮಾಡಿ ತೋರಿಸಿದರು. ಬಲಗೈ ತೆಗೆದ ಕೂಡಲೇ ಅದು ಒಳಕ್ಕೆ ತಿರುಗಿ ಮತ್ತೆ ಮುಷ್ಟಿಯಾಯಿತು. "ಲಿಂಗ ಇಲ್ಲಿ ಕೂರ್ಬೇಕು" ಅಂದರು.

ನಾನು ಹುಟ್ಟಿದ್ದು ನಂಜನಗೂಡು ರಸ್ತೆಯ ಒಂದು ಒಕ್ಕಲು ಮನೆಯಲ್ಲಿ. ಲಿಂಗಾಯತರ ಬೀದಿ ನಮ್ಮ ಬೀದಿಯ ಪಕ್ಕದಲ್ಲೇ ಇತ್ತು. ಕತ್ತಿನ ಕರಡಿಗೆಯನ್ನು ಸಾವಿರ ಸಲ ನೋಡಿದ್ದೇನೆ. ಒಳಗಿರುವ ಲಿಂಗವನ್ನು ತೆಗೆದು ಎಲ್ಲಿಟ್ಟು ಪೂಜೆ ಮಾಡುತ್ತಾರೆ ಎಂದು ಒಮ್ಮೆಯೂ ಕೇಳಿದವಳಲ್ಲ. ನಮ್ಮ ಮನೆಯ ಹಾಗೆ ಮಣೆಯ ಮೇಲಿಡುತ್ತಾರೆ ಎಂದುಕೊಂಡಿದ್ದೆ. ಎಡ ಅಂಗೈಯೇ ಅದರ ಪೀಠ ಎಂದು ನನಗೆ ಗೊತ್ತಾದದ್ದು ಆವತ್ತು. ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು, ಬಲಗೈಯಿಂದ ನೀರು ಎರೆದು, ವಿಭೂತಿ ಹಚ್ಚಿ, ಪತ್ರೆ ಏರಿಸಿ, ಆಮೇಲೆ ಅದನ್ನೇ ದಿಟ್ಟಿಸುತ್ತಾ ಕೂರುವುದು. ಎಲ್ಲ ಸೇರಿ ಹತ್ತು ನಿಮಿಷ. ಅಷ್ಟು ಹೊತ್ತು ಅಂಗೈ ಅಲುಗಬಾರದು.

"ಮಠದ ಸ್ವಾಮಿಗಳೇ ಹೇಳವ್ರೆ" ಎಂದು ಹೆಂಡತಿ ಮಧ್ಯೆ ಬಾಯಿ ಹಾಕಿದರು. "ಬಲಗೈಲಿ ಇಟ್ಕೊಳಪ್ಪ, ಶಿವ ಯಾವ್ ಕೈ ಅಂತ ನೋಡ್ತಾನಾ ಅಂತ. ಇವ್ರು ಕೇಳಲ್ಲ."

"ಬಲಗೈಲಿ ಇಟ್ರೆ ನೀರು ಯಾವ್ ಕೈಲಿ ಹಾಕ್ಲಿ? ನೀನ್ ಹಾಕ್ತೀಯಾ?"

"ಹಾಕ್ತೀನಿ ಅಂದೆನಲ್ಲ."

"ಅದು ನನ್ನ ಪೂಜೆ ಹೆಂಗಾಯ್ತದೆ?"

ಈ ಜಗಳ ಆ ಮನೆಯಲ್ಲಿ ಐದು ತಿಂಗಳಿಂದ ನಡೆಯುತ್ತಿದೆ ಎಂದು ಇಬ್ಬರ ದನಿಯಲ್ಲೇ ಗೊತ್ತಾಗುತ್ತಿತ್ತು. ಪೂಜೆಯಾಗದೆ ತುತ್ತು ಎತ್ತುವುದಿಲ್ಲ ಎಂದು ಎಂಟನೇ ವಯಸ್ಸಿನಲ್ಲಿ ದೀಕ್ಷೆ ಆದಾಗಿನಿಂದ ನಡೆಸಿಕೊಂಡು ಬಂದವರು. ಈಗ ಹೊಟ್ಟೆಗೆ ಹಾಕದೆ ವಿಧಿಯಿಲ್ಲ, ಆದರೆ ಮಧ್ಯಾಹ್ನದವರೆಗಾದರೂ ಉಪವಾಸವಿದ್ದು ಸಮಾಧಾನ ಮಾಡಿಕೊಳ್ಳುತ್ತಿದ್ದರು. ನಾನು ಪೂಜೆಗೆಂದು ಕೊಟ್ಟ ವೇಳೆಯಲ್ಲಿ ಅವರು ಕರಡಿಗೆಯ ಮೇಲೆ ಬಲಗೈ ಇಟ್ಟುಕೊಂಡು ಸುಮ್ಮನೆ ಕೂತಿರುತ್ತಿದ್ದರಂತೆ.

ನನಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಸಿಟ್ಟು ಬಂತು, ಎಲ್ಲರ ಮೇಲೂ. ಲಕ್ವ ಹೊಡೆದ ಕೈಗೆ ಮುಷ್ಟಿ ಕಟ್ಟುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ, ಬಿಟ್ಟರೆ ಅದು ಮಾಡುವ ಕೆಲಸವೇ ಅದು. ಬಿಡಿಸುವುದು ಕಷ್ಟ, ಬಿಡಿಸಿ ಮೇಲ್ಮುಖ ಮಾಡುವುದು ಇನ್ನೂ ಕಷ್ಟ, ಹಾಗೇ ನಿಲ್ಲಿಸುವುದು ಎಲ್ಲಕ್ಕಿಂತ ಕಷ್ಟ. ಒಂದು ತಿಂಗಳಿಂದ ಆ ಮನುಷ್ಯ ಬೆವರು ಹರಿಸಿ ಅದನ್ನೇ ಮಾಡಲು ಹೆಣಗುತ್ತಿದ್ದರೆ, ನಾನೂ ಆ ಮಿಷಿನ್ನಿನ ಹೆಂಗಸೂ ಸೇರಿ "ಅದುಮಿ, ಅದುಮಿ" ಎಂದು ಬೈದಿದ್ದೆವು.

ಆವತ್ತೇ ಇಂಜಿನಿಯರಿಗೆ ಮತ್ತೆ ಫೋನ್ ಮಾಡಿದೆ. ಅಂಗೈ ಮೇಲೆ ಮಾಡಿ ಅಲುಗದೆ ಹಿಡಿದುಕೊಳ್ಳುವುದಕ್ಕೆ ಯಾವ ಆಟವಿದೆ ಎಂದು ಕೇಳಿದೆ.

"ಅಲುಗದೆ ಇದ್ರೆ ಅದು ಎಕ್ಸರ್‌ಸೈಜ್ ಹೇಗಾಗುತ್ತೆ ಮೇಡಮ್?"

"ಹತ್ತು ನಿಮಿಷ ಅಂಗೈಲಿ ಒಂದು ಲೋಟ ನೀರು ಹಿಡ್ಕೊಂಡು ನಿಂತ್ಕೊಳ್ಳಿ, ಗೊತ್ತಾಗುತ್ತೆ" ಅಂದೆ.

ಅಂಥ ಆಟ ಇಲ್ಲ, ಮುಂದಿನ ಆವೃತ್ತಿಗೆ ಸಲಹೆ ಬರೆದುಕೊಳ್ಳುತ್ತೇನೆ ಎಂದ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಹಾಗೆ. ಎರಡು ದಿನ ಕೈಪಿಡಿ ಓದಿದೆ. ದಿನಾ ಬೆಳಿಗ್ಗೆ ಮಿಷಿನ್ನು ತನ್ನ ಅಳತೆ ಸರಿಮಾಡಿಕೊಳ್ಳುವ ಪರದೆಯೊಂದಿತ್ತು. ಅದರಲ್ಲಿ ಆಟವಿಲ್ಲ, ಮರವಿಲ್ಲ. ಲೋಹದ ತೋಳನ್ನು ಬೇಕಾದ ಕೋನದಲ್ಲಿ ನಿಲ್ಲಿಸಬಹುದು, ಮುಂಗೈ ಎಷ್ಟು ತಿರುಗಿದೆ ಎಂಬುದು ಅಂಕಿಯಲ್ಲಿ ಕಾಣುತ್ತದೆ, ಮೋಟಾರು ಎಷ್ಟು ಭಾರ ಹೊರಬೇಕೆಂದು ನಾವೇ ಹೇಳಬಹುದು. ನನಗೆ ಬೇಕಾದ್ದು ಅಷ್ಟೇ.

ಅದು ಚಿಕಿತ್ಸೆಯ ಪರದೆ ಅಲ್ಲ ಎಂದು ಇಂಜಿನಿಯರ್ ತಕರಾರು ತೆಗೆದ. ಸುರಕ್ಷತೆಯ ಮಿತಿಗಳು ಅದರಲ್ಲೂ ಕೆಲಸ ಮಾಡುತ್ತವೋ ಇಲ್ಲವೋ, ಅಷ್ಟು ಮಾತ್ರ ಬರೆದು ಕಳಿಸಿ ಎಂದು ಪಟ್ಟು ಹಿಡಿದೆ. ನಾಲ್ಕು ಪತ್ರ ಹೋಗಿ ಬಂದ ಮೇಲೆ, ಮಾಡುತ್ತವೆ ಎಂದು ಬರೆದ. ಡಾಕ್ಟರಿಗೆ ತೋರಿಸಿ ಸಹಿ ಮಾಡಿಸಿಕೊಂಡೆ. ಆದರೆ ಆ ಪರದೆಯಲ್ಲಿ ಮಾಡಿದ್ದು ವರದಿಗೆ ಸೇರುವುದಿಲ್ಲ, ಅಂಕ ಸೊನ್ನೆ ಬೀಳುತ್ತದೆ ಎಂದೂ ಅವನು ಬರೆದಿದ್ದ. ಫೋರ್‌ಮನ್‌ರ ಗೆರೆ ಇನ್ನು ನೆಲದ ಮೇಲೇ ಮಲಗುತ್ತದೆ ಎಂದಾಯಿತು. ಮಲಗಲಿ ಎಂದು ತೀರ್ಮಾನ ಮಾಡಿದೆ.

ಮ್ಯಾನೇಜರ್‌ಗೆ ಹೇಳಿದಾಗ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಏನ್ರೀ ಇದು, ನೀವು ಮಾಡ್ತಿರೋದು ಟ್ರೀಟ್‌ಮೆಂಟೋ ಪೌರೋಹಿತ್ಯವೋ?"

"ಸರ್, ಅವರಿಗೆ ಆ ಕೈಯಿಂದ ಆಗಬೇಕಾದ್ದು ಇದೊಂದೇ ಕೆಲಸ."

"ವರದಿಗೆ ಏನಂತ ಬರೀಲಿ?"

"ಸೊನ್ನೆ ಅಂತ ಬರೀರಿ." ನಿಮಗೆ ಲಕ್ವ ಹೊಡೆದ ದಿನ ಬೇಕಾದಷ್ಟು ಸೇಬು ಕೀಳಿಸುತ್ತೇನೆ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಬೇರೆ ರೋಗಿಗಳ ಗೆರೆ ಇಳಿಯದ ಹಾಗೆ ನೋಡಿಕೊಳ್ಳಿ ಎಂದು ಒಂದು ತಿಂಗಳು ಕೊಟ್ಟರು. ಅಷ್ಟರಲ್ಲಿ ಆಗದಿದ್ದರೆ ಹತ್ತೂವರೆಯ ವೇಳೆ ಬೇರೆಯವರಿಗೆ.

ಮೊದಲು ಹಿಡಿಯನ್ನು ತೆಗೆಯಬೇಕಾಯಿತು. ಅಂಗೈ ತುಂಬ ಹಿಡಿ ತುರುಕಿದ್ದರೆ ಅದರಲ್ಲಿ ದೇವರು ಕೂರುವುದೆಲ್ಲಿ? ಎಡಗೈ ಬಲಗೈ ಬದಲಾಯಿಸುವಾಗ ಹಿಡಿಯನ್ನು ಹೇಗೂ ಬಿಚ್ಚುತ್ತೇವೆ, ಅದಕ್ಕೆ ಕೀಲಿಯಿದೆ. ಬಿಸಿನೀರಿನಲ್ಲಿ ಮೆತ್ತಗಾಗುವ ಪ್ಲಾಸ್ಟಿಕ್ ಹಾಳೆಯನ್ನು ಅವರ ಕೈಯ ಹಿಂಬದಿಗೆ ಒತ್ತಿ ದೊನ್ನೆಯ ಹಾಗೆ ಅಚ್ಚು ಮಾಡಿ ಅಲ್ಲಿ ಕೂರಿಸಿದೆ. ಅದು ಅಲ್ಲಾಡಿತು. ಫೋರ್‌ಮನ್ ಬಗ್ಗಿ ನೋಡಿ, "ವಾಷರ್ ಒಂದು ಹಾಕಿದ್ದೀರಿ, ಎರಡು ಹಾಕಿ. ಬೋಲ್ಟ್ ಪೂರ್ತಿ ಬಿಗೀಬ್ಯಾಡಿ, ಕಾಲು ಸುತ್ತು ವಾಪಸ್ ಬುಡಿ" ಅಂದರು. ಹಾಗೇ ಮಾಡಿದೆ. ಅಲ್ಲಾಡುವುದು ನಿಂತಿತು.

ಆಮೇಲೆ ಆ ಪರದೆಯ ಕಾಟ. ಅದು ಅಳತೆಯ ಪರದೆಯಾದ್ದರಿಂದ ಒಂದೂವರೆ ನಿಮಿಷ ಏನೂ ಅಲುಗದಿದ್ದರೆ ತಾನೇ ಮುಚ್ಚಿಕೊಳ್ಳುತ್ತಿತ್ತು. ಮುಚ್ಚುವ ಮೊದಲು ನಮ್ಮ ಮಹಾತಾಯಿ ಬಂದು "ಚಟುವಟಿಕೆ ಕಂಡುಬಂದಿಲ್ಲ" ಎಂದು ಮಂಗಳಾರತಿ ಎತ್ತುತ್ತಿದ್ದಳು. ಆ ದನಿಗೆ ಅವರ ಕೈ ಬೆಚ್ಚಿ ಬಿಗಿಯುತ್ತಿತ್ತು. ಹಾಗಾಗಿ ನಾನು ಪಕ್ಕದಲ್ಲಿ ನಿಂತು ನಿಮಿಷಕ್ಕೊಮ್ಮೆ ಪರದೆಯ ಮೂಲೆಯನ್ನು ಬೆರಳಿನಿಂದ ತಟ್ಟಬೇಕು. ಹದಿನೈದು ವರ್ಷ ಅನುಭವವಿರುವ ಫಿಸಿಯೋಥೆರಪಿಸ್ಟ್ ನಾನು, ಒಂದು ರೋಬಾಟಿಗೆ ನಿದ್ದೆ ಬರದ ಹಾಗೆ ತಟ್ಟುತ್ತಾ ನಿಂತೆ. ಸ್ಟೂಲು ಕೊಟ್ಟಿದ್ದರೂ ಕೂರುವ ಹಾಗಿರಲಿಲ್ಲ, ಪರದೆ ಅಷ್ಟು ಎತ್ತರ.

ಅಳತೆಗೆ ಫೋರ್‌ಮನ್ ತಮ್ಮ ಹಳೆಯ ಪೆಟ್ಟಿಗೆಯಿಂದ ಬೆರಳುದ್ದದ ರಸಮಟ್ಟ ತಂದರು, ಗಾಜಿನ ನಳಿಗೆಯಲ್ಲಿ ಗುಳ್ಳೆ ಓಡಾಡುವಂಥದು. ಮಿಷಿನ್ನಿನ ಅಂಕಿಗಿಂತ ಅವರಿಗೆ ಅದರ ಮೇಲೇ ನಂಬಿಕೆ. ಅಂಗೈ ಮೇಲೆ ಅದನ್ನಿಟ್ಟು ಗುಳ್ಳೆ ಎರಡು ಗೆರೆಗಳ ನಡುವೆ ನಿಲ್ಲುವಂತೆ ನೋಡುತ್ತಾ ಕೂರುತ್ತಿದ್ದರು. ಮೊದಲ ವಾರ ಭಾರವನ್ನೆಲ್ಲ ಮೋಟಾರೇ ಹೊತ್ತಿತು. ಎರಡನೇ ವಾರ ಕಾಲು ಭಾಗ ಇಳಿಸಿದೆ, ಮೂರನೆಯದರಲ್ಲಿ ಅರ್ಧ. ಬೆರಳು ತಾವಾಗಿ ಮಡಚಿಕೊಂಡಾಗ ಬಯ್ಯದೆ, ನಿಲ್ಲಿಸಿ, ಮಣಿಕಟ್ಟು ಬಗ್ಗಿಸಿ ಬಿಗಿತ ಇಳಿಸಿ, ಮತ್ತೆ ಶುರು. ರಸಮಟ್ಟದ ನಂತರ ಒಂದು ಬಟ್ಟಲಡಿಕೆ ಇಟ್ಟೆವು. ಅದೇ ಗಾತ್ರ, ಅದೇ ದುಂಡು ಎಂದು ಅವರೇ ಆರಿಸಿದ್ದು. ಲಿಂಗವನ್ನು ಮಾತ್ರ ಮಿಷಿನ್ನಿನ ಮೇಲೆ ತೆಗೆಯುವುದಿಲ್ಲ ಎಂದರು. ನಾನೂ ಕೇಳಲಿಲ್ಲ.

ಮೂರನೇ ವಾರದ ಕೊನೆಗೆ ಅಡಿಕೆ ಆರು ನಿಮಿಷ ಕೂತಿತು. ಆ ಧೈರ್ಯದಲ್ಲಿ ಪಟ್ಟಿ ಬಿಚ್ಚಿ, ಮಿಷಿನ್ನಿನಿಂದ ಈಚೆ ಮಾಮೂಲಿ ಕುರ್ಚಿಯಲ್ಲಿ ಕೂರಿಸಿ, ಅಡಿಕೆಯನ್ನು ಅಂಗೈ ಮೇಲಿಟ್ಟೆ. ಇಪ್ಪತ್ತು ಎಣಿಸುವಷ್ಟರಲ್ಲಿ ಭುಜ ಎದ್ದಿತು, ಮುಂಗೈ ಒಳಕ್ಕೆ ತಿರುಗಿತು, ಅಡಿಕೆ ಉರುಳಿ ಬಿದ್ದು ಮಿಷಿನ್ನಿನ ಅಡಿಗೆ ಹೋಯಿತು. ಅವರ ಮುಖದ ರಕ್ತವೇ ಇಳಿದುಹೋಯಿತು.

"ಅಡಿಕೆ ಸರ್ ಅದು, ಬರೀ ಅಡಿಕೆ" ಅಂದೆ.

"ಇವತ್ತು ಅಡಿಕೆ ಕಣವ್ವ." ಮೊದಲ ಸಲ ಮೇಡಮ್ ಬಿಟ್ಟು ಅವ್ವ ಎಂದರು. "ಐವತ್ನಾಲ್ಕು ವರ್ಷ ಆಯ್ತು, ಅದು ಒಂದ್ ದಿನ ನೆಲ ಮುಟ್ಟಿಲ್ಲ. ಬಿದ್ದೋದ್ರೆ ನಾನ್ ಇದ್ದೇನ್ ಪ್ರಯೋಜನ?"

ಹಾಗೆಲ್ಲ ಮಾತಾಡಬೇಡಿ ಎಂದು ಗದರಿದೆ. ಉಳಿದದ್ದು ಒಂದೇ ವಾರ. ಮಿಷಿನ್ನಿನ ಪಕ್ಕ ಮಂಡಿಯೂರಿ ಅಡಿಕೆ ಹುಡುಕುತ್ತಾ, ಮಿಷಿನ್ನಿನಲ್ಲಿ ನಿಂತದ್ದು ಈಚೆ ಏಕೆ ನಿಲ್ಲುತ್ತಿಲ್ಲ ಎಂದು ಯೋಚಿಸಿದೆ. ನೆಲದಿಂದಲೇ ತಲೆ ಎತ್ತಿ ನೋಡಿದರೆ ಅವರ ಕಾಲು ಇಳಿಬಿದ್ದಿದೆ, ಮೊಣಕೈ ಗಾಳಿಯಲ್ಲಿದೆ, ಕೈ ಮುಂದಕ್ಕೆ ಚಾಚಿದೆ. ಸೇಬು ಕೀಳುವವರ ಭಂಗಿ!

"ಸರ್, ಮನೇಲಿ ಪೂಜೆಗೆ ಹೇಗೆ ಕೂರ್ತಿದ್ರಿ? ತೋರಿಸಿ."

ಹೆಂಡತಿಯೂ ನಾನೂ ಆತುಕೊಂಡು ಅವರನ್ನು ನೆಲದ ಚಾಪೆಯ ಮೇಲೆ ಕೂರಿಸಿದೆವು. ಚಕ್ಕಂಬಕ್ಕಲು ಹಾಕಿ ಬೆನ್ನು ನೆಟ್ಟಗೆ ಮಾಡಿದರು. ಎಡ ಮೊಣಕೈ ತಾನಾಗಿ ಪಕ್ಕೆಗೆ ಬಂದು ಅಂಟಿಕೊಂಡಿತು, ಅಂಗೈ ಎದೆಯ ಮಟ್ಟಕ್ಕೆ ಬಂತು. ಐವತ್ತು ವರ್ಷದ ರೂಢಿ ಅದು, ಲಕ್ವಕ್ಕೂ ಪೂರ್ತಿ ಅಳಿಸಲು ಆಗಿರಲಿಲ್ಲ. ಇದನ್ನು ಮೊದಲ ದಿನವೇ ಕೇಳಿದ್ದರೆ ಎಂದು ಹಲ್ಲು ಕಡಿದುಕೊಂಡೆ.

ಮಿಷಿನ್ನಿನ ತೋಳು ನೆಲದವರೆಗೆ ಇಳಿಯುವುದಿಲ್ಲ. ಕುರ್ಚಿ ಅಗಲವಾಗಿತ್ತು, ಅದರ ಮೇಲೆಯೇ ಚಕ್ಕಂಬಕ್ಕಲು ಹಾಕಿಸಿ ನಡುಪಟ್ಟಿ ಕಟ್ಟಿದೆ. ಪಕ್ಕೆಗೂ ಮೊಣಕೈಗೂ ನಡುವೆ ಮಡಚಿದ ಟವೆಲು. ತೋಳನ್ನು ಪೂರ್ತಿ ಒಳಕ್ಕೆ ತಂದು ಎದೆಯ ಮುಂದೆ ನಿಲ್ಲಿಸಿದೆ. ಮೋಟಾರಿನ ಸಹಾಯ ಕಾಲು ಭಾಗಕ್ಕೆ ಇಳಿಸಿದರೂ ಅಡಿಕೆ ಅಲುಗಲಿಲ್ಲ. ಎರಡು ದಿನ ಬಿಟ್ಟು ಸಹಾಯವನ್ನು ಪೂರ್ತಿ ತೆಗೆದೆ, ತೋಳು ಸುಮ್ಮನೆ ಜೊತೆಗಿತ್ತು ಅಷ್ಟೇ. ಬಲಗೈಯಿಂದ ಅವರು ಉದ್ಧರಣೆಯಲ್ಲಿ ನೀರು ಎರೆದರು. ಪ್ಲಾಸ್ಟಿಕ್ಕಿನ ದೊನ್ನೆಯಿಂದ ನೀರು ತೊಟ್ಟಿಕ್ಕಿ ಕುರ್ಚಿಯ ಮೇಲೆ ಬಿತ್ತು. "ಕರೆಂಟ್ ಮಿಷಿನ್ ಮೇಲೆ ನೀರು!" ಎಂದು ನಾನೇ ಕಿರುಚಿದೆ. ಆಮೇಲೆ ನೀರಿನ ಅಭ್ಯಾಸವನ್ನೆಲ್ಲ ಚಾಪೆಗೆ ವರ್ಗಾಯಿಸಿದೆವು. ಚಾಪೆಯ ಮೇಲೆ, ಯಾವ ಪಟ್ಟಿಯೂ ಇಲ್ಲದೆ, ಮೊದಲು ಮೂರು ನಿಮಿಷ, ಆಮೇಲೆ ಐದು, ಶುಕ್ರವಾರ ಎಂಟು. ಪ್ರತಿ ಸಲವೂ ಕೈಯ ಕೆಳಗೆ, ನಾಲ್ಕು ಬೆರಳು ಅಂತರದಲ್ಲಿ, ಹೆಂಡತಿ ತಮ್ಮ ಸೆರಗನ್ನು ಜೋಳಿಗೆಯ ಹಾಗೆ ಹರಡಿ ಹಿಡಿದು ಕೂತಿರುತ್ತಿದ್ದರು. ಯಾರೂ ಹೇಳಿರಲಿಲ್ಲ. ಆ ಸೆರಗನ್ನು ಅವರು ಬೇಡ ಎನ್ನಲಿಲ್ಲ.

ತಿಂಗಳು ಮುಗಿಯಿತು. ಹತ್ತೂವರೆಯ ವೇಳೆ ರಾಜೀವನಗರದವರ ಪಾಲಾಯಿತು. ಇನ್ನು ಮನೆಯಲ್ಲಿ ಅಡಿಕೆ ಇಟ್ಟುಕೊಂಡು ದಿನಕ್ಕೆರಡು ಸಲ ಕೂರಿ, ಹತ್ತು ನಿಮಿಷ ನಿಂತ ಮೇಲೆ ಉಳಿದದ್ದು ನಿಮ್ಮಿಷ್ಟ ಎಂದು ಹೇಳಿ ಕಳಿಸಿದೆ. "ಯಾವತ್ತು ತೆಗೀತೀರಿ?" ಎಂದು ಕೇಳಬೇಕೆನಿಸಿತು. ಕೇಳಿದರೆ ಅವಸರ ಮಾಡಿದ ಹಾಗಾಗುತ್ತದೆ ಎಂದು ಸುಮ್ಮನಾದೆ. ಒಂದು ವಾರ ಸುದ್ದಿಯಿಲ್ಲ, ಎರಡು ವಾರ ಸುದ್ದಿಯಿಲ್ಲ. ಬಿದ್ದಿರಬಹುದೇ ಎಂಬ ಹೆದರಿಕೆಯಲ್ಲಿ ಫೋನ್ ಮಾಡಲೂ ಕೈ ಬರಲಿಲ್ಲ. ಮಿಷಿನ್ನಿನ ಹೆಂಗಸು ಬೇರೆ ರೋಗಿಗಳಿಗೆ ಉಪದೇಶ ಮಾಡುತ್ತಲೇ ಇದ್ದಳು.

ಮೂರು ತಿಂಗಳ ಗಡುವು ಮುಗಿದ ದಿನ ಕಂಪನಿಯವರು ಬಂದು ಮಿಷಿನ್ನನ್ನು ಬಿಚ್ಚಿ ಮರದ ಪೆಟ್ಟಿಗೆಗಳಿಗೆ ತುಂಬತೊಡಗಿದರು. ಮ್ಯಾನೇಜರ್ ಕೊನೆಯ ವರದಿ ಹಿಡಿದು ನನ್ನ ಪಕ್ಕ ನಿಂತಿದ್ದರು. ಎಲ್ಲರ ಗೆರೆಗಳೂ ಚೆನ್ನಾಗಿಯೇ ಏರಿದ್ದವು, ಒಂದನ್ನು ಬಿಟ್ಟು. "ಇದೊಂದು ಸೊನ್ನೆ ಇಲ್ದಿದ್ರೆ ವರದಿ ಎಷ್ಟು ಚೆನ್ನಾಗಿರ್ತಿತ್ತು ನೋಡಿ" ಎಂದು ಅವರು ಅನ್ನುತ್ತಿರುವಾಗ ನನ್ನ ಫೋನ್ ಹೊಡೆಯಿತು. ಫೋರ್‌ಮನ್‌ರ ಹೆಂಡತಿ.

"ಮೇಡಮ್, ಇವತ್ತು ಎಂಟೂಕಾಲಿಗೆಲ್ಲ ಇಡ್ಲಿ ತಿಂದ್ರು. ನಾಕು ತಿಂದ್ರು ಕಣಮ್ಮ."

"ಸೆರಗು?" ಎಂದೆ.

"ಹಿಡ್ದಿದ್ದೆ. ಬೇಕಾಗ್ನಿಲ್ಲ." ಫೋನು ಕೈ ಬದಲಾಯಿತು.

"ಮೇಡಮ್, ನಾನು" ಎಂದರು ಫೋರ್‌ಮನ್. ಕೆಲಸದ ದನಿಯಲ್ಲಿ ಮುಂದುವರಿಸಿದರು. "ಈ ಭುಜ ಇನ್ನೂ ವಸಿ ಎಳೀತದೆ. ಸೋಮವಾರದಿಂದ ಬರ್ತೀನಿ. ಹತ್ತೂವರೆ ಬ್ಯಾಡ, ಒಂಬತ್ತು ಗಂಟೆಗೇ ಹಾಕ್ಬುಡಿ. ಅಷ್ಟೊತ್ತಿಗೆ ಪೂಜೆ ಆಗಿರ್ತದೆ."